ಮಲ್ಲಯ್ಯನ ಹಾದಿ ನಡೆಯುವವರಿಗೆ

(ಮಾಸಿಕ ಶಿವಾನುಭವಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)



ಯುಗಾದಿಗೆ ಇನ್ನೂ ಎರಡು ತಿಂಗಳು ಇರುವಾಗಲೇ ಶ್ರೀಶೈಲದ ಮಾತು ಎತ್ತಿದ್ದೇವೆ. ಕಂಬಿ ಪೂಜೆಯ ದಿನ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಡೊಳ್ಳಿನ ಸದ್ದಿನಲ್ಲಿ ಎಲ್ಲ ಮುಳುಗಿಹೋಗುತ್ತದೆ. ಮಲ್ಲಿಕಾರ್ಜುನನ ಮಹಿಮೆಯನ್ನು ನಿಮಗೆ ನಾವು ಹೇಳಬೇಕಾಗಿಲ್ಲ, ಅದು ನಿಮ್ಮ ಮನೆಯ ಹಾಡಿನಲ್ಲಿಯೇ ಇದೆ. ಇಂದು ನಾವು ಆಡುವುದು ಕಾಲಿನ ಮಾತು, ನೀರಿನ ಮಾತು, ಬಿಸಿಲಿನ ಮಾತು.

ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲ 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ದಿನಕ್ಕೆ 30 ಕಿಲೋಮೀಟರು ನಡೆದರೂ ಹದಿನಾಲ್ಕು ದಿನ ಬೇಕು. ವರ್ಷವೆಲ್ಲ ಅಂಗಡಿಯ ಗಾದಿಯ ಮೇಲೆ ಕುಳಿತವರು, ಮೋಟಾರು ಸೈಕಲ್ಲಿನಲ್ಲಿ ಹೊಲಕ್ಕೆ ಹೋಗುವವರು ಒಮ್ಮೆಲೇ ಎದ್ದು ಇಷ್ಟು ನಡೆದರೆ ಮೂರನೆಯ ದಿನಕ್ಕೆ ಮೊಳಕಾಲು ಮಾತನಾಡತೊಡಗುತ್ತದೆ. ಆದಕಾರಣ ನಾಳೆಯಿಂದಲೇ ಬೆಳಗಿನ ಜಾವ ನಡೆಯಲು ಹಿಡಿಯಿರಿ. ಮೊದಲು ನಾಲ್ಕೈದು ಕಿಲೋಮೀಟರು, ವಾರ ವಾರಕ್ಕೆ ಸ್ವಲ್ಪ ಹೆಚ್ಚು. ಹೊರಡುವ ಮುನ್ನ ಒಂದು ಸಲವಾದರೂ ಎರಡು ದಿನ ಬೆನ್ನುಬೆನ್ನಿಗೆ ಇಪ್ಪತ್ತು ಕಿಲೋಮೀಟರು ನಡೆದು ನೋಡಿರಿ. ಎರಡನೆಯ ದಿನದ ಸಂಜೆ ನಿಮ್ಮ ಕಾಲು ನಿಮಗೆ ನಿಜ ಹೇಳುತ್ತದೆ.

ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ. 'ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳಲ್ಲ ಬುದ್ಧಿ, ನಾವು ಚಪ್ಪಲಿ ಮೆಟ್ಟಬಹುದೇ?' ಅಕ್ಕನ ದಾರಿಯಲ್ಲಿ ಡಾಂಬರು ಇರಲಿಲ್ಲ ತಾಯಿ. ಚೈತ್ರದ ಬಿಸಿಲಿಗೆ ಡಾಂಬರು ಕಾದ ಹಂಚಾಗುತ್ತದೆ. ಬರಿಗಾಲ ಹರಕೆ ಹೊತ್ತವರು ಇದ್ದೀರಿ, ಬೇಡವೆನ್ನುವುದಿಲ್ಲ. ನೆಲ ತಂಪಾಗಿರುವ ಹೊತ್ತಿನಲ್ಲಿ ಮಾತ್ರ ನಡೆಯಿರಿ. ಆದರೆ ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಕೂಡದು. ಆ ಕಾಯಿಲೆಯಲ್ಲಿ ಪಾದದ ಅರಿವು ಸತ್ತಿರುತ್ತದೆ. ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ಸುಟ್ಟದ್ದು ತಿಳಿಯುವುದಿಲ್ಲ. 'ಮಲ್ಲಯ್ಯನ ಕೃಪೆ, ನನಗೆ ನೋವೇ ಆಗಲಿಲ್ಲ' ಎಂದು ಸಂತೋಷಪಟ್ಟವರ ಗಾಯ ಕೊಳೆತು, ಕೊನೆಗೆ ಬೆರಳು ತೆಗೆಸಿದ್ದುಂಟು. ನೋವಾಗದಿರುವುದು ಕೃಪೆಯಲ್ಲ, ಅದು ಕಾಯಿಲೆ. ಇಂಥವರು ದಿನವೂ ರಾತ್ರಿ ಅಂಗಾಲನ್ನು ಮತ್ತೊಬ್ಬರಿಗೆ ತೋರಿಸಬೇಕು, ಇಲ್ಲವೇ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ತಲೆಸುತ್ತಿ ಬೀಳುತ್ತೀರಿ. ಕಿಸೆಯಲ್ಲಿ ಬೆಲ್ಲ ಇರಲಿ.

ಉಳಿದವರೂ ಹೊಸ ಬೂಟು ಕೊಂಡು ಅದರಲ್ಲಿಯೇ ಹೊರಡಬೇಡಿರಿ. ನಡೆದ ಹಾಗೆ ಪಾದ ಊದಿಕೊಳ್ಳುತ್ತದೆ, ಸ್ವಲ್ಪ ಸಡಿಲಾದದ್ದನ್ನು ಈಗಲೇ ಕೊಂಡು ಪಳಗಿಸಿರಿ. ಪಾದದಲ್ಲಿ ಎಲ್ಲಿಯಾದರೂ ಚುರುಗುಟ್ಟಿದರೆ ಅಲ್ಲಿಯೇ ಕುಳಿತು, ಒರೆಸಿ, ಪಟ್ಟಿ ಅಂಟಿಸಿರಿ. 'ಮುಂದಿನ ಊರಿಗೆ ಹೋಗಿ ನೋಡೋಣ' ಎಂದವರಿಗೇ ಗುಳ್ಳೆ ಏಳುವುದು. ಎದ್ದ ಗುಳ್ಳೆಯನ್ನು ಪಿನ್ನಿನಿಂದ ಚುಚ್ಚಬೇಡಿರಿ, ಮೇಲಿನ ಚರ್ಮ ಕೀಳಬೇಡಿರಿ.

ಇನ್ನು ಬಿಸಿಲು. ನಮ್ಮ ಕಣ್ಣೆದುರಿಗೆ ಆದದ್ದನ್ನು ಹೇಳುತ್ತೇವೆ. ಒಂದು ಮಧ್ಯಾಹ್ನ ಕಂಬಿ ಹೊತ್ತು ಬರುತ್ತಿದ್ದ ತರುಣನೊಬ್ಬ ತಟ್ಟಾಡತೊಡಗಿದ. ಕಣ್ಣು ಕೆಂಪಾಗಿದೆ, ಮಾತು ಎತ್ತೆತ್ತಲೋ ಹೋಗುತ್ತಿದೆ, ಮುಟ್ಟಿದರೆ ಮೈ ಕೆಂಡ. ಸುತ್ತಲಿನವರು 'ಮಲ್ಲಯ್ಯ ಮೈದುಂಬಿದ' ಎಂದು ಕಾಯಿ ಒಡೆದರು, ಗಂಟೆ ಬಾರಿಸಿದರು, ಕೇಳಿಕೆ ಕೇಳಲು ನಿಂತರು. ಒಬ್ಬ ಮುದುಕಿ ಮಾತ್ರ ಜನರನ್ನು ನೂಕಿಕೊಂಡು ಬಂದು, ಕೊಡದ ನೀರನ್ನು ಅವನ ನೆತ್ತಿಯ ಮೇಲೆ ಸುರಿದು, 'ದೇವರಾದರೆ ನೆರಳಿಗೂ ಬರತಾನ, ಮೊದಲು ಹುಡುಗನ್ನ ಮಲಗಿಸ್ರಿ' ಎಂದು ಗದರಿದಳು. ದವಾಖಾನೆಗೆ ಒಯ್ದರು, ಹುಡುಗ ಉಳಿದ. ಅವನಿಗೆ ಬಡಿದದ್ದು ಬಿಸಿಲು. ಇಂಥದ್ದು ಕಂಡಾಗ ಆ ತಾಯಿ ಮಾಡಿದಂತೆ ಮಾಡಿರಿ. ನೆರಳು, ಮೈತುಂಬ ನೀರು, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ, ಬೀಸಣಿಗೆಯ ಗಾಳಿ, ಕೂಡಲೇ ಆಸ್ಪತ್ರೆ. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಬೇಡಿರಿ. ನಿಜವಾಗಿ ಮಲ್ಲಯ್ಯನೇ ಬಂದಿದ್ದರೆ ಒಂದು ಕೊಡ ನೀರಿಗೆ ಅವನು ಮುನಿಯುವುದಿಲ್ಲ, ಅವನು ಅಭಿಷೇಕಪ್ರಿಯ.

ಹೊತ್ತು ಏರಿ ಹತ್ತು ಗಂಟೆಯಾದರೆ ನೆರಳು ಸೇರಿರಿ, ನಾಲ್ಕರವರೆಗೆ ಏಳಬೇಡಿರಿ. ನೀರನ್ನು ಗುಟುಕು ಗುಟುಕಾಗಿ ಆಗಾಗ ಕುಡಿಯಿರಿ. ಮೂತ್ರ ಕಡು ಹಳದಿಯಾಯಿತೆಂದರೆ ನೀರು ಸಾಲದಾಗಿದೆ ಎಂದರ್ಥ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಚಹದ ಚಿಕ್ಕ ಚಮಚೆ, ನೆನಪಿರಲಿ. ಔಷಧಿ ಅಂಗಡಿಯ ಓಆರ್‌ಎಸ್ ಪುಡಿ ಸಿಕ್ಕರೆ ಅದೇ ಒಳ್ಳೆಯದು. ನೋವಿನ ಗುಳಿಗೆಗಳನ್ನು ಕಡಲೆಯಂತೆ ನುಂಗುವುದನ್ನು ನೋಡಿದ್ದೇವೆ. ನೀರಾರಿದ ಮೈಗೆ ಅವು ಮೂತ್ರಪಿಂಡವನ್ನು ಕೆಡಿಸುತ್ತವೆ.

ದಾರಿಯುದ್ದಕ್ಕೂ ದಾಸೋಹ. ರಾಯಚೂರು ದಾಟಿ ಆಂಧ್ರ ಸೇರಿದರೂ ನಮ್ಮ ಕಡೆಯವರೇ ಪೆಂಡಾಲು ಹಾಕಿ ರೊಟ್ಟಿ, ಪಲ್ಯ, ಹೋಳಿಗೆ ಇಟ್ಟು ಕೈಹಿಡಿದು ಎಳೆಯುತ್ತಾರೆ. ಎಲ್ಲ ಕಡೆ ಉಂಡರೆ ನಡೆಯಲಾಗದು, ಒಲ್ಲೆನೆಂದರೆ ಅವರು ನೊಂದುಕೊಳ್ಳುತ್ತಾರೆ. ಒಂದು ತುತ್ತು ಕೈಯೊಡ್ಡಿ ಮುಂದೆ ನಡೆಯಿರಿ, ತಟ್ಟೆ ತುಂಬಿಸಿಕೊಂಡು ಚೆಲ್ಲಬೇಡಿರಿ.

ನಸುಕಿನ ಕತ್ತಲಲ್ಲಿ ಹೆದ್ದಾರಿಯ ಮೇಲೆ ಬಲಬದಿಗೆ ಸಾಲಾಗಿ ನಡೆಯಿರಿ, ಎದುರಿನ ಲಾರಿ ಕಣ್ಣಿಗೆ ಬೀಳುತ್ತದೆ. ಬೆನ್ನ ಹಿಂದಿನದು ಬೀಳುವುದಿಲ್ಲ. ಮೈಮೇಲೆ ಬಿಳಿಯ ಬಟ್ಟೆ, ಮೊದಲಿನವನ ಮತ್ತು ಕೊನೆಯವನ ಕೈಯಲ್ಲಿ ಬ್ಯಾಟರಿ ಇರಲೇಬೇಕು.

ಆತ್ಮಕೂರು, ವೆಂಕಟಾಪುರ ದಾಟಿದ ಮೇಲೆ ನಲ್ಲಮಲ ಅಡವಿ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ದ್ವಾರ. ಇದು 1983ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಯುಗಾದಿಗೆ ಈ ಕಾಲುದಾರಿಯನ್ನು ಅರಣ್ಯ ಇಲಾಖೆಯವರು ಗೊತ್ತುಮಾಡಿದ ದಿನಗಳಲ್ಲಿ ಮಾತ್ರ ಬಿಡುತ್ತಾರೆ, ಆ ದಿನಗಳನ್ನು ಕೇಳಿಕೊಂಡೇ ಹೊರಡಬೇಕು. ಆ ಹೊತ್ತಿಗೆ ಎಲೆಯೆಲ್ಲ ಒಣಗಿ ನಿಂತಿರುತ್ತದೆ, ಒಂದು ಬೀಡಿಯ ಕಿಡಿ ಸಾಕು. ಪ್ಲಾಸ್ಟಿಕ್ ಚೀಲವನ್ನು ಒಯ್ಯಲೇಬೇಡಿರಿ. ಕತ್ತಲಾದ ಮೇಲೆ ನಡೆಯಬೇಡಿರಿ. ಅಲ್ಲಿ ಚೆಂಚು ಜನರ ಗುಡಿಸಲುಗಳಿವೆ. ನೀವು ಭ್ರಮರಾಂಬೆಯನ್ನು ಮನೆಮಗಳೆಂದು ಸೀರೆ, ಅರಿಷಿಣ, ಕುಂಕುಮ ಒಯ್ಯುತ್ತೀರಿ, ಮಲ್ಲಯ್ಯನನ್ನು ಅಳಿಯನೆನ್ನುತ್ತೀರಿ. ಚೆಂಚರೂ ಅವನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ. ಬೀಗರ ಊರಿಗೆ ಹೋದವರು ಹೇಗಿರಬೇಕೋ ಹಾಗೆ ಇರಿ.

ಭೀಮನಕೊಳ್ಳದಲ್ಲಿ ಕಡಿದಾದ ಇಳಿತ, ಆಮೇಲೆ ಕೈಲಾಸ ದ್ವಾರದವರೆಗೆ ಕಲ್ಲು ಮೆಟ್ಟಿಲ ಏರು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸು ವೇಮಾರೆಡ್ಡಿಯದು. ಹತ್ತಿರ ಬಂತೆಂಬ ಉತ್ಸಾಹಕ್ಕೆ ತರುಣರು ಓಡುತ್ತಾರೆ. ಮರಗಾಲು ಕಟ್ಟಿಕೊಂಡು ಬರುವ ಸಾಹಸಿಗಳೂ ಇದ್ದಾರೆ, ಅದನ್ನು ನೋಡಿ ಹುರುಪುಗೊಳ್ಳಬೇಡಿರಿ. ಕೋಲು ಹಿಡಿದು, ಚಿಕ್ಕ ಹೆಜ್ಜೆ ಇಟ್ಟು ಇಳಿಯಿರಿ. ತಂಡದ ನಡಿಗೆ ಎಲ್ಲರಿಗಿಂತ ಮೆಲ್ಲಗೆ ನಡೆಯುವವನ ನಡಿಗೆಯಾಗಿರಲಿ.

ಕೊನೆಯ ಮಾತು ಹರಕೆಯದು. ಕಾಲು ಹುಣ್ಣಾದರೂ, ಎದೆ ಹಿಡಿದರೂ 'ಗಾಡಿ ಹತ್ತಿದರೆ ಹರಕೆ ಮುರಿಯುತ್ತದೆ, ಮನೆಗೆ ಕೇಡು' ಎಂದು ಹೆದರಿ ನಡೆಯುವವರಿದ್ದಾರೆ. ಬಸವಣ್ಣನವರು ಈ ದೇಹವನ್ನೇ ಗುಡಿಯೆಂದು ತಿಳಿದವರು. ಒಂದು ಗುಡಿಯನ್ನು ಕೆಡವಿ ಇನ್ನೊಂದು ಗುಡಿಯ ದರ್ಶನಕ್ಕೆ ಹೋಗುವುದು ಯಾವ ಲೆಕ್ಕ? ವೈದ್ಯರು ಸಾಕೆಂದ ಕಡೆ ಗಾಡಿ ಹತ್ತಿರಿ. ಉಳಿದ ದಾರಿಯನ್ನು ಮಗನೋ ಸೊಸೆಯೋ ನಡೆಯಲಿ. ಅಥವಾ ಮುಂದಿನ ವರ್ಷ ನಿಂತಲ್ಲಿಂದ ನೀವೇ ಆರಂಭಿಸಿರಿ. ಅಷ್ಟಾಗಿಯೂ ದೋಷವೆಂಬುದೊಂದು ಇದ್ದರೆ ಅದು ನಮ್ಮ ತಲೆಯ ಮೇಲಿರಲಿ. ಇದನ್ನು ಮಠದ ಗದ್ದುಗೆಯ ಎದುರು ಕುಳಿತು ಹೇಳುತ್ತಿದ್ದೇವೆ.

ಬರುವ ಸೋಮವಾರ ವೈದ್ಯರು ಮಠಕ್ಕೆ ಬರುತ್ತಾರೆ. ಹೆಸರು ಬರೆಸಿದವರೆಲ್ಲ ಪಾದ, ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಿರಿ. ಈಗ ಪ್ರಸಾದಕ್ಕೆ ಏಳಿರಿ, ಹಿರಿಯರು ಮೊದಲು.