ಹಸಿರು ಕಂಡರೆ ಸಾಲದು, ಬೇರು ಹಿಡಿಯಬೇಕು

ನಾನು ಪುಣೆಯಲ್ಲಿರೋದು, ಹಿಂಜವಡಿಯಲ್ಲಿ ಕೆಲಸ. ಊರು ದಾವಣಗೆರೆ ಕಡೆ, ಮನೆಯಲ್ಲಿ ಭತ್ತದ ಗದ್ದೆ ಇದೆ. ಇವತ್ತು ಮಾತಾಡೋದು ಮಾತ್ರ ಗಾಲ್ಫ್ ಮೈದಾನದ ಹುಲ್ಲಿನ ಬಗ್ಗೆ. ನಗಬೇಡಿ, ನಾನು ಇವತ್ತಿಗೂ ಗಾಲ್ಫ್ ಆಡಿದವನಲ್ಲ!

ಕೆಲವು ವರ್ಷಗಳ ಹಿಂದೆ ಆನ್‌ಸೈಟ್ ಅಂತ ಅಮೆರಿಕದ ಮಿನ್ನೆಸೋಟಕ್ಕೆ ಹೋಗಿದ್ದೆ. ಗಾಲ್ಫ್ ಮೈದಾನಗಳಿಗೆ ನೀರು ಬಿಡೋ ಸಾಫ್ಟ್‌ವೇರ್ ನಮ್ಮ ಪ್ರಾಜೆಕ್ಟ್. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಒಂದು ಕ್ಲಬ್ಬಿನ 18 ಗ್ರೀನ್‌ಗಳಲ್ಲಿ 7 ಕಂದುಬಣ್ಣಕ್ಕೆ ತಿರುಗಿದ್ದವು. ಗ್ರೀನ್ ಅಂದರೆ ಕುಳಿಯ ಸುತ್ತ ಇರೋ, ಸುಮಾರು 3 ಮಿಲಿಮೀಟರಿಗೆ ಕತ್ತರಿಸಿದ ನುಣುಪು ಹುಲ್ಲು.

"ಹಿಮಕ್ಕೆ ಸತ್ತಿದೆ" ಅಂದೆ. ಹುಲ್ಲಿನ ಜವಾಬ್ದಾರಿ ಹೊತ್ತ ಸೂಪರಿಂಟೆಂಡೆಂಟ್ ತಿದ್ದಿದರು. ಹಿಮ ಹುಲ್ಲಿಗೆ ಕಂಬಳಿ ಇದ್ದ ಹಾಗೆ. ಕೊಲ್ಲೋದು ನೀರು. ಚಳಿಗಾಲದ ಕೊನೆಗೆ ಬಿಸಿಲು ಬಿದ್ದು ಹಿಮ ಕರಗುತ್ತೆ, ಹುಲ್ಲಿನ ಬುಡ ಆ ನೀರು ಕುಡಿಯುತ್ತೆ. ರಾತ್ರಿ ಮತ್ತೆ ಕೊರೆದರೆ ಒಳಗಿನ ನೀರು ಗಡ್ಡೆಕಟ್ಟಿ ಜೀವಕೋಶ ಒಡೆದುಹೋಗುತ್ತೆ. ಬೇಗ ಎಚ್ಚರಗೊಳ್ಳೋ ಪೋವಾ ಆನ್ಯುವಾ ಹುಲ್ಲು ಮೊದಲು ಸಾಯುತ್ತೆ, ಬೆಂಟ್‌ಗ್ರಾಸ್ ಗಟ್ಟಿಗ.

ಅವರು ಮಾರ್ಚ್‌ನಲ್ಲೇ ಗ್ರೀನ್‌ಗಳಿಂದ ಚಿಕ್ಕ ಚಿಕ್ಕ ತುಂಡು ಕೊರೆದು ತಂದು, ಬಿಸಿಲು ಬೀಳೋ ಕಿಟಕಿಯಲ್ಲಿ ಇಟ್ಟಿದ್ದರು. ಯಾವುದು ಚಿಗುರಲಿಲ್ಲವೋ ಅಲ್ಲಿ ಬಿತ್ತನೆ. ಸತ್ತ ಹುಲ್ಲನ್ನು ಕೀಳಲಿಲ್ಲ, ಅದೇ ಎಳೆ ಮೊಳಕೆಗೆ ನೆರಳು. ಒತ್ತೊತ್ತಾಗಿ ಸಣ್ಣ ತೂತು ಚುಚ್ಚಿ, ಬೀಜ ಮಣ್ಣಿಗೆ ತಾಗೋ ಹಾಗೆ ಬಿತ್ತಿದರು. ಬೆಂಟ್‌ಗ್ರಾಸ್ ಬೀಜ ಎಷ್ಟು ಸಣ್ಣದು ಅಂದರೆ ಒಂದು ಗ್ರಾಮಿಗೆ 10,000ಕ್ಕೂ ಹೆಚ್ಚು! ತಣ್ಣನೆ ಮಣ್ಣಲ್ಲಿ ಅದು ಏಳೋದೇ ಇಲ್ಲ. ಅದಕ್ಕೇ ಗಾಳಿಯಾಡೋ ಹೊದಿಕೆ ಹಾಕಿ ಮಣ್ಣು ಬೆಚ್ಚಗೆ ಮಾಡಿದರು, ದಿನಕ್ಕೆ ನಾಲ್ಕೈದು ಸಲ ಚೂರುಚೂರೇ ನೀರು.

ಮೂರು ವಾರದಲ್ಲಿ ಹಸಿರಾಯ್ತು. ಮೆಂಬರ್‌ಗಳು ಆಟ ಶುರುಮಾಡಿ ಅಂತ ಒತ್ತಡ ಹಾಕಿದರು. ಮೀಟಿಂಗ್‌ನಲ್ಲಿ ನನ್ನನ್ನು ಕೇಳಿದರು. ತೇವ ಸರಿ, ಉಷ್ಣತೆ ಸರಿ, ಕ್ಯಾಮೆರಾದಲ್ಲಿ ಹಸಿರು. ಡ್ಯಾಶ್‌ಬೋರ್ಡ್ ಪೂರ್ತಿ ಗ್ರೀನ್ ಅಂತ ಸ್ಲೈಡ್ ತೋರಿಸಿದೆ. ಸೂಪರಿಂಟೆಂಡೆಂಟ್ ಬೇಡ ಅಂದರು. ಆದರೂ ಒಂದು ಗ್ರೀನ್ ತೆರೆದರು.

ನಾಲ್ಕೇ ದಿನ. ಕುಳಿಯ ಸುತ್ತ ಹುಲ್ಲು ಕಿತ್ತು ಮಣ್ಣು ಕಂಡಿತು. ಅವರು ನನ್ನನ್ನು ಕರೆದುಕೊಂಡು ಹೋಗಿ, ಪಕ್ಕದ ಎಳೆ ಹುಲ್ಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದರು. ಹಾಗೇ ಕೈಗೆ ಬಂತು. ಬೇರು ಉಗುರಿನಷ್ಟೂ ಇರಲಿಲ್ಲ. ಅದನ್ನು ಅಳೆಯೋ ಸೆನ್ಸರ್ ನನ್ನ ಹತ್ತಿರ ಇರಲೇ ಇಲ್ಲ, ನಾನು ಅದನ್ನು ಹೇಳಲೂ ಇಲ್ಲ.

ಮುಚ್ಚಿಟ್ಟ ಆರು ಗ್ರೀನ್‌ಗಳು ಜೂನ್ ಕೊನೆಗೆ ಆಟಕ್ಕೆ ಸಿದ್ಧವಾದವು. ಆ ಒಂದನ್ನು ಮತ್ತೆ ಬಿತ್ತಬೇಕಾಯ್ತು. ವರ್ಷದ ಕೊನೆಗೆ ಆ ಸೂಪರಿಂಟೆಂಡೆಂಟ್ ಕೆಲಸ ಹೋಯ್ತು. ಅವರ ಮೇಲಿನ ದೂರುಗಳಲ್ಲಿ ಆ ಗ್ರೀನ್ ಕೂಡ ಇತ್ತಂತೆ. ತೆರೆಸಿದ್ದು ನನ್ನ ಸ್ಲೈಡ್. ನನಗೆ ಯಾರೂ ಏನೂ ಅನ್ನಲಿಲ್ಲ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ನಾಟಿ ಹಾಕಿದ ಮಾರನೇ ದಿನ ಗದ್ದೆಯೂ ಹಸಿರೇ ಇರ್ತದೆ ಕಣೋ. ಬೇರು ಹಿಡಿಯೋದಕ್ಕೆ ಮುಂಚೆ ನಾವು ದನ ಬಿಡ್ತೀವೇನು?" ಅಂದರು.

ಈಗ ರಿಲೀಸ್ ಕಾಲ್‌ಗಳಲ್ಲಿ ಎಲ್ಲಾ ಗ್ರೀನ್ ಅಂತ ಹೇಳೋ ಮುಂಚೆ ನಾನು ಎರಡು ಮಾತು ಸೇರಿಸ್ತೀನಿ: ಇದರಲ್ಲಿ ಏನನ್ನು ಅಳೆದಿಲ್ಲ, ಅದನ್ನು ಕೈಯಾರೆ ನೋಡಿದವರು ಯಾರು. ಅವರು ಬೇಡ ಅಂದರೆ ಕಾಯೋಣ.