ಚೆಂಡಿನೊಳಗಿನ ಬಲ

ಚೆಂಡನ್ನು ಮೇಲಕ್ಕೆ ಎಸೆದು ಮಕ್ಕಳನ್ನು ಕೇಳಿ ನೋಡಿ: ಕೈಬಿಟ್ಟ ಮೇಲೆ ಅದರ ಮೇಲೆ ಯಾವ ಬಲವಿದೆ? ‘ಕೈ ಕೊಟ್ಟ ಬಲ ಇನ್ನೂ ಒಳಗಿದೆ, ಅದು ತೀರಿದಾಗ ಬೀಳುತ್ತೆ’ ಎನ್ನುವ ಮಕ್ಕಳು ಬಹಳ. ನಾವು ತಟ್ಟನೆ ತಪ್ಪು ಎಂದು ಕೆಂಪು ಗೀಟು ಎಳೆದುಬಿಡುತ್ತೇವೆ.

ಆದರೆ 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ವಿದ್ವಾಂಸ ಬುರಿಡಾನ್ ಹೇಳಿದ್ದೂ ಇದರ ಹತ್ತಿರದ ಮಾತನ್ನೇ. ಎಸೆದ ವಸ್ತುವನ್ನು ಸುತ್ತಲಿನ ಗಾಳಿಯೇ ಮುಂದೆ ಒಯ್ಯುತ್ತದೆ ಎಂಬುದು ಅರಿಸ್ಟಾಟಲನ ವಾದ. ಹಾಗಾದರೆ ಬುಗುರಿ ನಿಂತಲ್ಲೇ ಸುತ್ತುತ್ತದಲ್ಲ, ಅದನ್ನು ಯಾವ ಗಾಳಿ ನೂಕೀತು ಎಂದು ಬುರಿಡಾನ್ ಕೇಳಿದ. ಎಂಥ ಸೊಗಸಾದ ಪ್ರಶ್ನೆ! ಎಸೆದ ಕೈ ವಸ್ತುವಿನೊಳಗೆ ‘ಇಂಪೆಟಸ್’ ತುಂಬುತ್ತದೆ, ಗಾಳಿಯ ತಡೆಯೂ ವಸ್ತುವಿನ ಭಾರವೂ ಅದನ್ನು ಕುಂದಿಸುತ್ತವೆ ಎಂದ. ಅಲ್ಲಿಂದ ಗೆಲಿಲಿಯೋನ ಇಳಿಜಾರು ಹಲಗೆಯ ಪ್ರಯೋಗಗಳನ್ನು ದಾಟಿ, 1687ರ ನ್ಯೂಟನ್ನನ ಗ್ರಂಥದವರೆಗೆ ಬರಲು ಮುನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಲ್ಲಿ ಸಿಕ್ಕ ಉತ್ತರ ಇದು: ಚಲನೆ ಮುಂದುವರಿಯಲು ಬಲ ಬೇಡ, ಬದಲಾಗಲು ಬೇಕು!

ಅಷ್ಟು ದೂರದ ದಾರಿಯನ್ನು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮಗು ಒಂದೇ ನೆಗೆತಕ್ಕೆ ದಾಟಬೇಕೆನ್ನುವುದು ಅನ್ಯಾಯ. ಮೇಷ್ಟ್ರೇ, ಮೇಡಂ, ನಾಳೆ ತರಗತಿಗೆ ಒಂದು ಬುಗುರಿ ಒಯ್ಯಿರಿ. ಹಲಗೆಯ ಮೇಲೆ ಸೂತ್ರ ಬರೆಯುವ ಮೊದಲು ಅದನ್ನು ತಿರುಗಿಸಿ, ಬುರಿಡಾನನ ಪ್ರಶ್ನೆಯನ್ನೇ ಕೇಳಿ.