ಪ್ರಾಪ್ತವಯಸ್ಕ ಮಕ್ಕಳೂ ತಂದೆಯ ಮನೆಯೂ



ನಮ್ಮ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963ರಿಂದ ಮೊದಲ್ಗೊಂಡು ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿ, ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲೆಗಟ್ಟನ್ನು ಬೆಳಕಿಗೆ ತಂದರು. ಅಲ್ಲಿ ಬೆಳೆದ ಮಗನು ತನ್ನದೊಂದು ಗುಡಿಸಲನ್ನು ಬೇರೆಯಾಗಿ ಹೂಡಲು ಯಾರ ಅಪ್ಪಣೆಯನ್ನು ಬೇಡಬೇಕಾಗಿತ್ತೋ, ಆ ಕಲ್ಲುಗಳು ಹೇಳಲಾರವು. ಧರ್ಮಶಾಸ್ತ್ರಕಾರರಾದರೋ ಈ ವಿಷಯದಲ್ಲಿ ಸಂಕೋಚವಿಲ್ಲದೆ ಮಾತನಾಡಿದ್ದಾರೆ.

ಹದಿನಾರು ವರ್ಷ ತುಂಬಿದವನು ವ್ಯವಹಾರಕ್ಕೆ ಅರ್ಹನೆಂದು ಒಪ್ಪಿದ ನಾರದಸ್ಮೃತಿಯೇ, ತಾಯಿತಂದೆಗಳು ಬದುಕಿರುವ ಪರ್ಯಂತ, ತಲೆ ನರೆತರೂ, ಅವನು ಸ್ವತಂತ್ರನಲ್ಲವೆಂದು ವಿಧಿಸಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಅಜ್ಜನಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾಧಿಸಿ, ಬೇರೆ ಹೋಗುವವನಿಗೆ ಒಂದು ಆಧಾರವನ್ನೇನೋ ಕಲ್ಪಿಸಿದನು. ಮಗಳಿಗೆ ಅದನ್ನು ಕಲ್ಪಿಸಲಿಲ್ಲ.

ಬಳ್ಳಾರಿ ಸೀಮೆಯು ಮದರಾಸು ಆಧಿಪತ್ಯದಲ್ಲಿದ್ದಾಗ, 1875ರ ಕಾಯಿದೆಯೊಂದು ಪ್ರಾಪ್ತವಯಸ್ಸನ್ನು ಹದಿನೆಂಟೆಂದು ನಿರ್ಧರಿಸಿತು. ನ್ಯಾಯಾಲಯವು ಪಾಲಕರನ್ನು ನೇಮಿಸಿದ್ದರೆ ಇಪ್ಪತ್ತೊಂದು. ಈ ಭೇದವು 1999ರವರೆಗೂ ಉಳಿದಿತ್ತು. ಆದರೆ ವಯಸ್ಸು ಬಂದ ಮಾತ್ರಕ್ಕೆ ಕೈಗೆ ಕಾಸು ಬರುವುದೇ? 1921ರಲ್ಲಿ ಪ್ರಿವಿ ಕೌನ್ಸಿಲ್, ಕುಟುಂಬದ ಹಣದಿಂದ ಓದಿ ಐ.ಸಿ.ಎಸ್. ಅಧಿಕಾರಿಯಾದವನೊಬ್ಬನ ಗಳಿಕೆಯೆಲ್ಲವೂ ಅವಿಭಕ್ತ ಕುಟುಂಬದ್ದೆಂದು ತೀರ್ಪಿತ್ತಿತು. ಅಣ್ಣತಮ್ಮಂದಿರ ಸಾಲಗಾರರು ಓದಿದವನ ಸಂಬಳಕ್ಕೆ ಕೈಯೊಡ್ಡಬಹುದಾದ ಈ ವಿಚಿತ್ರ ಸ್ಥಿತಿಗೆ ಅಂತ್ಯ ಹಾಡಿದ್ದು 1930ರ ವಿದ್ಯಾಗಳಿಕೆಯ ಕಾಯಿದೆ: ಖರ್ಚು ಯಾರದಾದರೂ ಆಗಲಿ, ವಿದ್ಯೆಯಿಂದ ಬಂದ ಸಂಪಾದನೆ ವಿದ್ಯಾವಂತನದೇ. ಮನೆ ಬಿಟ್ಟು ಹೊರಡುವ ತರುಣರ ಚರಿತ್ರೆಯಲ್ಲಿ, ಪ್ರಸಿದ್ಧವಾದ ಅನೇಕ ಶಾಸನಗಳಿಗಿಂತಲೂ, ಯಾರೂ ನೆನೆಯದ ಈ ಪುಟ್ಟ ಕಾಯಿದೆಯೇ ದೊಡ್ಡದೆಂದು ನಾನು ಎಣಿಸುತ್ತೇನೆ.

ಹೆಣ್ಣುಮಕ್ಕಳ ದಾರಿ ಇನ್ನೂ ದೂರವಾದದ್ದು. 1964ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮದರಾಸಿನ ಮೊಕದ್ದಮೆಯೊಂದು ಬಂದಿತು. ಹದಿನೆಂಟು ತುಂಬಲು ಸ್ವಲ್ಪವೇ ಉಳಿದಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ತಂದೆ ತನ್ನನ್ನು ಇರಿಸಿದ್ದ ಬಂಧುಗಳ ಮನೆಯಿಂದ ಹೊರಟು, ತಾನೇ ಟೆಲಿಫೋನು ಮಾಡಿ ತರುಣನನ್ನು ಕರೆಸಿಕೊಂಡು ವಿವಾಹವಾಗಿದ್ದಳು. ಅಪಹರಣದ ಆರೋಪ ಅವನ ಮೇಲೆ ಬಿದ್ದಿತು. ತಿಳಿವಳಿಕೆಯುಳ್ಳವಳು ತಾನಾಗಿ ಹೊರಟುಬಂದಲ್ಲಿ, ಜೊತೆಗೆ ಹೋದದ್ದನ್ನೇ ಅಪಹರಣವೆನ್ನಲಾಗದೆಂದು ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು. 2018ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಪ್ರಾಪ್ತವಯಸ್ಕಳ ಆಯ್ಕೆಯ ಮೇಲೆ ತಂದೆಗಾಗಲಿ ಉಚ್ಚ ನ್ಯಾಯಾಲಯಕ್ಕಾಗಲಿ ಯಜಮಾನಿಕೆಯಿಲ್ಲವೆಂದು ಇನ್ನಷ್ಟು ನಿಷ್ಠುರವಾಗಿ ಸಾರಿತು.

ಇಂದು ನಮ್ಮ ಕಡೆಯ ಠಾಣೆಗಳಲ್ಲಿ ನಡೆಯುವುದೂ ಇದರ ಛಾಯೆಯೇ. ‘ಮಗಳು ಕಾಣಿಸ್ತಿಲ್ರೀ ಸಾಹೇಬ್ರ’ ಎಂದು ತಂದೆ ಅರ್ಜಿ ನೀಡಿದೊಡನೆ ಮೊದಲು ಕೇಳತಕ್ಕದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಜನ್ಮದಿನಾಂಕವಿರುವ ಆ ಒಂದು ಸಾಲಿನ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಹದಿನೆಂಟು ತುಂಬಿದ್ದು, ಸ್ವಇಚ್ಛೆಯಿಂದ ಹೋಗಿರುವೆನೆಂದು ಅವಳು ಹೇಳಿಕೆ ಕೊಟ್ಟರೆ, ಬಲಾತ್ಕಾರವಾಗಿ ಮನೆಗೆ ಕಳುಹಿಸಲು ಪೊಲೀಸರಿಗೆ ಅಧಿಕಾರವಿಲ್ಲ. ಮನೆಯವರೇ ಕೂಡಿಹಾಕಿದರೆ, ಅವಳನ್ನು ನ್ಯಾಯಾಲಯದ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಬಳ್ಳಾರಿ ಜಿಲ್ಲೆಯವರು ಹೋಗಬೇಕಾದದ್ದು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ.

ಹೋಗುವ ಹಕ್ಕು ಒಂದು, ಪೋಷಣೆಯ ಹಕ್ಕು ಮತ್ತೊಂದು. ಇವನ್ನು ಬೆರೆಸಿಕೊಂಡು ಹಲವರು ಕೆಡುತ್ತಾರೆ. ದೃಢಕಾಯನಾದ ಮಗನಿಗೆ ಹದಿನೆಂಟರ ಮೇಲೆ ಜೀವನಾಂಶವಿಲ್ಲ. ತಂದೆಯ ಸ್ವಯಾರ್ಜಿತ ಮನೆಯಲ್ಲಿ ಅವನ ವಾಸವು ತಂದೆಯ ಕೃಪೆ ಮಾತ್ರ. ತನ್ನ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ಅವಿವಾಹಿತ ಮಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ತಂದೆತಾಯಿಗಳಿಂದ ಪೋಷಣೆಯನ್ನು ವಿಧಿಸುತ್ತದೆ. ಪಿತ್ರಾರ್ಜಿತದ ಪಾಲಂತೂ ಮನೆ ಬಿಟ್ಟ ಕಾರಣದಿಂದ ಅಳಿಯುವುದಿಲ್ಲ. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಆ ಪಾಲನ್ನು, ಕೇಂದ್ರವು 2005ರಲ್ಲಿ ಕಣ್ತೆರೆಯುವುದಕ್ಕೆ ಮುನ್ನವೇ, ಕರ್ನಾಟಕವು 1994ರಲ್ಲಿ, ಅಂದು ಅವಿವಾಹಿತರಾಗಿದ್ದವರ ಮಟ್ಟಿಗೆ, ಕೊಟ್ಟಿತು. ‘ಹೊಸ್ತಿಲು ದಾಟಿದರೆ ಹೊಲದಾಗ ಪಾಲಿಲ್ಲ’ ಎಂದು ಗದರಿಸುವ ಹಿರಿಯರ ಮಾತಿಗೆ ಕಾಯಿದೆಯ ಬೆಂಬಲವಿಲ್ಲ.

ಕೇಳುತ್ತಿರುವ ತಾಯಂದಿರೇ, ತಂಗಿಯರೇ, ವಕೀಲರ ಶುಲ್ಕಕ್ಕೆ ಅಂಜಿ ಸುಮ್ಮನಿರಬೇಡಿ: 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಒದಗಿಸತಕ್ಕದ್ದು, ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು.